ಮಕ್ಕಳ ಕೈಗೆ ಗಾಳ ಕೊಡುವ ಮುಂಚೆ ದಂಡೆ ನೋಡಿ: ಕಲಬುರಗಿ ಸೀಮೆಯಲ್ಲಿ ಒಂದು ಬೆಳಗಿನ ಪ್ರವಾಸ

5ರಿಂದ 9 ವರ್ಷದ ಹುಡುಗರನ್ನು ಮೀನು ಹಿಡಿಯಲು ಕರೆದೊಯ್ಯುವವರು ಮೊದಲು ಕೇಳುವುದು ಎಲ್ಲಿ ಮೀನು ಜಾಸ್ತಿ ಅಂತ. ಕೇಳಬೇಕಾದ್ದು ಎಲ್ಲಿ ದಂಡೆ ಚೆನ್ನಾಗಿದೆ ಅಂತ. ಆಳಂದ ತಾಲ್ಲೂಕಿನ ಕೊರಳ್ಳಿಯ ಅಮರ್ಜಾ, ಹೇರೂರಿನ ಬೆಣ್ಣೆತೊರಾ, ಬೀದರ್ ಕಡೆಯವರಿಗೆ ಬ್ಯಾಲಹಳ್ಳಿಯ ಕಾರಂಜಾ, ಯಾದಗಿರಿಯವರಿಗೆ ಹತ್ತಿಕುಣಿ ಜಲಾಶಯಗಳಿವೆ, ಇವಲ್ಲದೆ ಊರೂರಿನ ಕೆರೆ. ನೀರಿಗೇನೂ ಬರವಿಲ್ಲ. ಆದರೆ ಕೂಸು ನಿಲ್ಲುವಂಥ ಜಾಗ ಒಂದೊಂದು ಕೆರೆಯಲ್ಲೂ ಒಂದೋ ಎರಡೋ ಇರುತ್ತದೆ, ಅಷ್ಟೇ.

ಜಲಾಶಯದ ಏರಿಯ ಮೇಲಂತೂ ಬೇಡ. ನೀರಿನ ಕಡೆಗೆ ಜೋಡಿಸಿದ ಕಲ್ಲು ಸಡಿಲವಿರುತ್ತವೆ, ಪಾಚಿ ಕಟ್ಟಿರುತ್ತದೆ, ಇಳಿಜಾರು ನೇರ ಆಳಕ್ಕೆ ಹೋಗುತ್ತದೆ. ಸುತ್ತು ಹಾಕಿ ಹಿನ್ನೀರಿನ ಕಡೆಗೆ ಹೋಗಿರಿ. ಅಲ್ಲಿಯೂ ಎರಿ (ಕಪ್ಪು) ಮಣ್ಣಿದ್ದರೆ ಹುಷಾರ್: ನೀರು ಹಿಂದೆ ಸರಿದ ಮೇಲೆ ಮಣ್ಣಿನ ಮೇಲ್ಪದರ ಒಣಗಿ ಬಿರುಕು ಬಿಟ್ಟು ಗಟ್ಟಿಯಾದಂತೆ ಕಾಣುತ್ತದೆ, ಒಳಗೆ ಕೆಸರು ಹಾಗೇ ಇರುತ್ತದೆ. ದೊಡ್ಡವರ ಕಾಲು ಮೊಣಕಾಲವರೆಗೆ ಹೂತರೆ ಮಗುವಿನದು ತೊಡೆಯವರೆಗೆ. ಗರಸು ಮಣ್ಣಿನ ದಂಡೆ ಹುಡುಕಿ. ಆರು ಅಡಿ ಕೋಲು ತಗೊಂಡು ನೀರಿನ ಅಂಚಿನಿಂದ ಒಂದೊಂದು ಹೆಜ್ಜೆಗೂ ಚುಚ್ಚಿ ನೋಡಿ. ಅಂಚಿನಿಂದ ಆರು ಅಡಿ ಒಳಗೂ ನೀರು ಮಗುವಿನ ಮೊಣಕಾಲು ದಾಟದಿದ್ದರೆ ಆ ಜಾಗ ಸರಿ. ಕೋಲು ಒಮ್ಮೆಲೇ ಇಳಿದುಹೋದರೆ ಅಲ್ಲಿ ಹಳೇ ಬಾವಿಯೋ ಮಣ್ಣು ತೆಗೆದ ಗುಂಡಿಯೋ ಇರಬಹುದು. ಬೇರೆ ಕಡೆ ನೋಡಿ.

ಕೆಲವು ಕಡೆ ಹೋಗಲೇಬಾರದು. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಪರ್ಸಿ ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ನೀರು ತಿಳಿಯಾಗಿರುತ್ತದೆ, ಮೀನೂ ಕಾಣುತ್ತದೆ. ಆದರೆ ಗೋಡೆ ನೇರ ಕಡಿದಂತಿದ್ದು ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡ ಇದಕ್ಕಿಂತ ಕೆಟ್ಟದ್ದು. ಒದ್ದೆ ಹಾಳೆಯ ಮೇಲೆ ಈಜು ಬಲ್ಲ ಗಂಡಸೂ ಹತ್ತಿ ಬರಲಾರ. ಕೃಷ್ಣಾ ತೀರದಲ್ಲಿ ಮೊಸಳೆಗಳಿವೆ. ಭೀಮಾ ನದಿಗೆ ನಮ್ಮಲ್ಲಿ ಹನಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ಇನ್ನು ಚಿಂಚೋಳಿಯ ಚಂದ್ರಂಪಳ್ಳಿ ವನ್ಯಧಾಮದ ಜಾಗ, ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮ. ಅಲ್ಲಿಗೆ ದುರ್ಬೀನು ಒಯ್ಯಿರಿ, ಗಾಳ ಮನೆಯಲ್ಲಿರಲಿ.

ಕೆರೆ ಯಾವುದಾದರೂ ಅದಕ್ಕೊಬ್ಬ ಗುತ್ತಿಗೆದಾರನೋ ಮೀನುಗಾರರ ಸಹಕಾರ ಸಂಘವೋ ಇರುತ್ತದೆ ಅಂತಲೇ ಹೊರಡಿ. ಹಿಂದಿನ ದಿನವೇ ಕೇಳಿ ಒಪ್ಪಿಗೆ ಪಡೆಯಿರಿ. ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಯಾರನ್ನು ಕೇಳಬೇಕೆಂದು ಹೇಳುತ್ತಾರೆ. ಜಿಲೇಬಿ (ತಿಲಾಪಿಯಾ) ಮೀನನ್ನು ಮಕ್ಕಳು ಹಿಡಿದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಅವರು ದುಡ್ಡು ಕೊಟ್ಟು ತಂದು ಬಿಟ್ಟ ಕಾಟ್ಲಾ, ರೋಹು ಮರಿ ಸಿಕ್ಕಿದರೆ ವಾಪಸ್ ನೀರಿಗೆ ಬಿಡಬೇಕು.

ಕಾಲ ಅಂದರೆ ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದ ಶುರುವಿಗೆ ಮೀನು ಮೊಟ್ಟೆ ಇಡುವ ಸಮಯ, ಆಗ ಬೇಡ. ಏಪ್ರಿಲ್, ಮೇ ಬಿಸಿಲನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಸುಕಿನಲ್ಲೇ ಎಬ್ಬಿಸಿ ಓಡಿಸುವ ಅಗತ್ಯವೂ ಇಲ್ಲ: ಚಳಿಗಾಲದಲ್ಲಿ ನೀರು ತಣ್ಣಗಿದ್ದಷ್ಟು ಹೊತ್ತು ಜಿಲೇಬಿ ಬಾಯಿ ತೆರೆಯುವುದೇ ಕಡಿಮೆ. 8 ಗಂಟೆಗೆ ದಂಡೆ ಸೇರಿ, 10ರೊಳಗೆ ಸಾಮಾನು ಕಟ್ಟಿದರೆ ಸಾಕು. ಈ ವಯಸ್ಸಿನವರು ದಾರಕ್ಕೆ ಕಟ್ಟಿ ತೇಲಬಿಟ್ಟ ಬೆಂಡಿನ ಮೇಲೆ ಕಣ್ಣಿಟ್ಟು ಕೂರುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಆಮೇಲೆ ಕಲ್ಲು ಎಸೆಯಲು ಶುರು ಮಾಡುತ್ತಾರೆ, ಅಪಾಯವೂ ಆಗಲೇ.

ಸಾಮಾನು ಅಗ್ಗದ್ದು. ಮಗುವಿಗೆ ರೀಲ್ ಬೇಡವೇ ಬೇಡ. ಆರು ಅಡಿಯ ತೆಳು ಬಿದಿರು, 0.20ರಿಂದ 0.25 ಮಿ.ಮೀ. ನೈಲಾನ್ ದಾರ, 10 ಅಥವಾ 12ನೇ ನಂಬರಿನ ಗಾಳ. ದಾರ ಕೋಲಿನಷ್ಟೇ ಉದ್ದ ಇರಬೇಕು. ಆಗ ಕೋಲು ನೆಟ್ಟಗೆ ಎತ್ತಿದರೆ ಗಾಳ ತಾನಾಗಿ ಎದೆಯ ಮುಂದೆ ಬರುತ್ತದೆ. ಉದ್ದ ಬಿಟ್ಟರೆ ಅದು ಗಾಳಿಗೆ ಹಾರಿ ಯಾರದೋ ಕಿವಿಗೆ ಸಿಕ್ಕುತ್ತದೆ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಒಳಮುಳ್ಳನ್ನು ಮನೆಯಲ್ಲೇ ಪಕ್ಕಡಿನಿಂದ ಒತ್ತಿ ಮಟ್ಟ ಮಾಡಿ, ಹತ್ತಿಬಟ್ಟೆಗೆ ಚುಚ್ಚಿ ಎಳೆದು ನೋಡಿ. ಎಳೆ ಹಿಡಿಯದೆ ಹೊರಬಂದರೆ ಸರಿ. ಭಾರಕ್ಕೆ ಸೀಸ ಬೇಡ, ಮಕ್ಕಳು ಬಾಯಿಗೆ ಹಾಕುತ್ತಾರೆ. ಸೈಕಲ್ ಕಡ್ಡಿಯ ನಿಪ್ಪಲ್ ಸಾಕು, ದಾರ ಪೋಣಿಸಲು ತೂತು ಮೊದಲೇ ಇದೆ.

ಬೆಂಡಿಗೆ ನಮ್ಮ ಜೋಳದ ದಂಟಿಗಿಂತ ಒಳ್ಳೆಯದಿಲ್ಲ. ಒಣ ದಂಟಿನ ಸಿಪ್ಪೆ ಸುಲಿದು ಎರಡು ಇಂಚಿನ ತುಂಡು ಮಾಡಿ, ಮೇಣದಬತ್ತಿ ಉಜ್ಜಿ. ಮೇಣ ಇಲ್ಲದಿದ್ದರೆ ನೀರು ಕುಡಿದು ಮುಳುಗತೊಡಗುತ್ತದೆ, ಹುಡುಗರು ಮೀನು ಎಳೆಯಿತು ಅಂತ ಕೂಗುತ್ತಾರೆ. ಮೂರ್ನಾಲ್ಕು ತುಂಡು ಜೊತೆಗಿರಲಿ. ರೊಟ್ಟಿ ಹಿಟ್ಟನ್ನೇ ಎರೆ ಮಾಡುವವರಿದ್ದಾರೆ. ಜೋಳದ ಹಿಟ್ಟಿಗೆ ಜಿಗುಟಿಲ್ಲ, ನೀರಿಗೆ ಬಿದ್ದ ಕೂಡಲೇ ಉದುರುತ್ತದೆ. ಎರಡು ಹಿಡಿ ಗೋಧಿ ಹಿಟ್ಟಿಗೆ ಒಂದು ಹಿಡಿ ಜೋಳದ ಹಿಟ್ಟು, ಒಂದು ಚಮಚ ಶೇಂಗಾ ಹಿಂಡಿ ಪುಡಿ ಸೇರಿಸಿ ಗಟ್ಟಿಯಾಗಿ ನಾದಿ. ಗಾಳಕ್ಕೆ ತೊಗರಿ ಕಾಳಿನಷ್ಟು ಸಾಕು.

ಲೈಫ್ ಜಾಕೆಟ್ ಮಗುವಿನ ತೂಕಕ್ಕೆ ತಕ್ಕದ್ದೇ ಆಗಬೇಕು, ತೊಡೆಸಂದಿನ ಪಟ್ಟಿ ಇರಬೇಕು. ಹಾಕಿ, ಹೆಗಲ ಪಟ್ಟಿ ಹಿಡಿದು ಮೇಲೆತ್ತಿ. ಗದ್ದ ದಾಟಿ ಕಿವಿಯವರೆಗೆ ಜಾರಿದರೆ ಅದು ದೊಡ್ಡದು. ಗಾಳಿ ತುಂಬಿದ ಟ್ಯೂಬು ಇದಕ್ಕೆ ಬದಲಿಯಲ್ಲ. ಅಂಗಿ ಕಿತ್ತಳೆಯೋ ಗುಲಾಬಿಯೋ ಇರಲಿ, ನೀಲಿ ಹಸಿರು ನೀರಲ್ಲಿ ಕಾಣುವುದಿಲ್ಲ. ಕಾಲಿಗೆ ಕ್ಯಾನ್ವಾಸ್ ಬೂಟು, ಯಾಕೆಂದರೆ ಬಳ್ಳಾರಿ ಜಾಲಿ ಮುಳ್ಳು ಚಪ್ಪಲಿ ತೂರಿ ಬರುತ್ತದೆ. ಕಣ್ಣಿಗೆ ಕನ್ನಡಕ. ಯಾರಾದರೂ ನೀರಿಗೆ ಬಿದ್ದರೆ ಎಸೆಯಲು 50 ಅಡಿ ಹಗ್ಗದ ತುದಿಗೆ 5 ಲೀಟರಿನ ಖಾಲಿ ಕ್ಯಾನ್ ಕಟ್ಟಿ, ಅದರಲ್ಲಿ ಒಂದು ಲೋಟ ನೀರು ಹಾಕಿ ಬಿರಡೆ ಬಿಗಿಯಿರಿ. ಪೂರ್ತಿ ಖಾಲಿಯಿದ್ದರೆ ಎಸೆದಾಗ ದೂರ ಹೋಗದು.

ದಂಡೆಯಲ್ಲಿ ನಿಯಮ ಒಂದೇ: ಒಂದು ಮಗು, ಒಂದು ಕೋಲು, ಒಬ್ಬ ದೊಡ್ಡವರು, ಕೈಗೆಟಕುವ ದೂರ. ಆ ದೊಡ್ಡವರ ಮೊಬೈಲು ಚೀಲದಲ್ಲಿ. ಇಬ್ಬರು ಮಕ್ಕಳಿಗೆ ನೀವೊಬ್ಬರೇ ಇದ್ದರೆ ಹೋಗಬೇಡಿ, ಇನ್ನೊಬ್ಬರನ್ನು ಕರೆದುಕೊಳ್ಳಿ; ಆಗಲೂ ಕೋಲು ಒಂದೇ, ಸರದಿಯಂತೆ. ಕಾಯುವ ಮಗು 20 ಅಡಿ ಹಿಂದೆ ಕೂರಲಿ, ಬುತ್ತಿ ಅಲ್ಲೇ ಇಟ್ಟರೆ ತಾನೂ ಅಲ್ಲೇ ಇರುತ್ತದೆ. ತಲೆಯ ಮೇಲೆ ಕರೆಂಟಿನ ತಂತಿ, ಹತ್ತಿರ ಪಂಪ್‌ಸೆಟ್ಟಿನ ಜೋತ ವೈರು ಇಲ್ಲವೆಂದು ನೋಡಿಕೊಳ್ಳಿ. ಒದ್ದೆ ಬಿದಿರೂ ಕರೆಂಟು ಹರಿಸುತ್ತದೆ.

ಎಸೆಯುವುದನ್ನು ಮನೆಯ ಅಂಗಳದಲ್ಲೇ ಕಲಿಸಿ. ಗಾಳದ ಬದಲು ನಟ್ ಕಟ್ಟಿ, ಬಕೆಟಿನೊಳಗೆ ಬೀಳಿಸಲಿ. ಕೋಲು ಹೆಗಲ ಹಿಂದಕ್ಕೆ ಹೋಗಕೂಡದು. ತೊಟ್ಟಿಲು ತೂಗಿದಂತೆ ಮುಂದಕ್ಕೆ ತೂಗಿ ಬಿಡಬೇಕು. ಹತ್ತರಲ್ಲಿ ಏಳು ಸಲ ಬಿದ್ದರೆ ಕೆರೆಗೆ ಹೊರಡಬಹುದು. ಜಿಲೇಬಿ ಕಚ್ಚಿದಾಗ ಬೆಂಡು ಮೊದಲು ಸಣ್ಣಗೆ ನಡುಗುತ್ತದೆ, ಸುತ್ತ ಬಳೆಯಷ್ಟಗಲ ಅಲೆ ಏಳುತ್ತದೆ. ಎರಡು ಸಲ ಕುಣಿದು, ಆಮೇಲೆ ಓರೆಯಾಗಿ ಜಾರುತ್ತದೆ. ಜಾರಿದಾಗ ಎತ್ತಬೇಕು. ‘ಎಳಿ’ ಅನ್ನಬೇಡಿ, ‘ಎತ್ತು’ ಅನ್ನಿ. ಎಳಿ ಅಂದರೆ ಮಗು ಮೈಯೆಲ್ಲ ಹಿಂದಕ್ಕೆ ಬಾಗಿಸಿ ಜಗ್ಗುತ್ತದೆ, ಗಾಳ ಮುಖಕ್ಕೆ ಬರುತ್ತದೆ. ಕಸಕ್ಕೋ ಹಳೇ ಬಲೆಗೋ ಸಿಕ್ಕಿಕೊಂಡರೆ ಕೋಲು ಬಾಗಿಸಬೇಡಿ. ಮಕ್ಕಳನ್ನು ಹಿಂದೆ ಕಳಿಸಿ, ದಾರವನ್ನು ಕಡ್ಡಿಗೆ ಸುತ್ತಿ, ಮುಖ ತಿರುಗಿಸಿ ನೇರ ಎಳೆಯಿರಿ.

ಜಿಲೇಬಿಯ ಬೆನ್ನು ಮುಳ್ಳು. ಒದ್ದೆ ಕೈಯಿಂದ ತಲೆಯ ಕಡೆಯಿಂದ ಹಿಂದಕ್ಕೆ ಸವರಿ ಹಿಡಿದರೆ ಮುಳ್ಳು ಮಲಗುತ್ತದೆ. ಮೀಸೆ ಇರುವ ಮೀನು ಸಿಕ್ಕರೆ ಮಗು ಮುಟ್ಟಲೇಬಾರದು, ಚೇಳು ಮೀನಿನ ಚುಚ್ಚು ದೊಡ್ಡವರನ್ನೂ ಅಳಿಸುತ್ತದೆ. ಚುಚ್ಚಿದರೆ ದೊಡ್ಡವರ ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಾದರೂ ಇಡಿ, ಆಮೇಲೆ ಡಾಕ್ಟರು. ಗಾಳವೇ ಚರ್ಮಕ್ಕೆ ನೆಟ್ಟರೆ, ಒಳಮುಳ್ಳು ಮಟ್ಟ ಮಾಡಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಕಣ್ಣಿನ ಹತ್ತಿರವಾದರೆ ಮುಟ್ಟದೆ ದಾರ ಕತ್ತರಿಸಿ ಆಸ್ಪತ್ರೆಗೆ. ಧನುರ್ವಾಯು ಇಂಜೆಕ್ಷನ್ ಕೇಳಿ ಹಾಕಿಸಿ.

ಯಾರಾದರೂ ನೀರಿಗೆ ಬಿದ್ದರೆ ಮೊದಲು ಕೋಲು ಚಾಚಿ, ಆಗದಿದ್ದರೆ ಕ್ಯಾನ್ ಎಸೆಯಿರಿ, 112ಕ್ಕೆ ಫೋನ್ ಮಾಡಿಸಿ. ಮೇಲೆ ತಂದ ಮಗುವನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ತಪ್ಪು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಹೊರಡುವ ಮೊದಲೇ ಒಬ್ಬರಾದರೂ ಇದನ್ನು ಆಸ್ಪತ್ರೆಯಲ್ಲಿ ಕಲಿತಿರಲಿ.

ವಾಪಸಾಗುವಾಗ ಗಾಳ ಎಣಿಸಿ. ಬೆಂಕಿಪೆಟ್ಟಿಗೆಯಲ್ಲಿ ನಾಲ್ಕು ತಂದಿದ್ದರೆ ನಾಲ್ಕೂ ವಾಪಸ್ ಹೋಗಬೇಕು, ತುಂಡಾದ ದಾರವೂ ಕೂಡ. ನಾಳೆ ಅಲ್ಲಿ ಕುರಿ ನೀರಿಗೆ ಇಳಿಯುತ್ತವೆ. ಒಂದು ಕಮ್ಮಿಯಾದರೆ ಯಾರನ್ನೂ ಗಾಡಿ ಹತ್ತಿಸಬೇಡಿ. ಮೊದಲು ಮಗುವಿನ ತೋಳಿನ ಹಿಂಬದಿ ನೋಡಿ, ಆಮೇಲೆ ಟೋಪಿ, ಆಮೇಲೆ ನೀವು ಕೈ ಒರೆಸಿಕೊಂಡ ಟವೆಲ್ಲು.