ಬೂತಾಯಿ, ಪಾದರಸ ಮತ್ತು ಸೆಲೆನಿಯಂ

ಬೂತಾಯಿ ಪುಳಿಮುಂಚಿ ಮುಂದೆ ಕೂತಿದ್ದಾಗ ತಮ್ಮ ಕೇಳಿದ, "ಮೀನಲ್ಲಿ ಪಾದರಸ ಇರುತ್ತಂತೆ, ಮೆದುಳಿಗೆ ಕೆಟ್ಟದ್ದಲ್ವಾ?" ಹೌದು. ಆದರೆ ಅದೇ ಮೀನಲ್ಲಿ ಸೆಲೆನಿಯಂ ಅನ್ನೋ ಖನಿಜಾಂಶ ಕೂಡ ಇದೆ. ಮೆದುಳನ್ನು ಕಾಯುವ ಕೆಲವು ಕಿಣ್ವಗಳಿಗೆ ಇದು ಬೇಕೇ ಬೇಕು. ಪಾದರಸ ಈ ಸೆಲೆನಿಯಂಗೆ ಗಟ್ಟಿಯಾಗಿ ಅಂಟಿಕೊಂಡು ಕಿಣ್ವಗಳ ಕೈಗೆ ಸಿಗದ ಹಾಗೆ ಮಾಡುತ್ತದೆ, ಹಾಗಾಗಿ ಊಟದಲ್ಲಿ ಸೆಲೆನಿಯಂ ಸಾಕಷ್ಟಿದ್ದರೆ ಏಟು ಸ್ವಲ್ಪ ಕಡಿಮೆಯಾಗಬಹುದು ಅನ್ನೋದು ಲೆಕ್ಕ. 1972ರಲ್ಲೇ ಕ್ವೇಲ್ ಹಕ್ಕಿಗಳಿಗೆ ಮೀಥೈಲ್ ಪಾದರಸ (ಮೀನಲ್ಲಿ ಸೇರಿಕೊಳ್ಳುವ ಪಾದರಸದ ರೂಪ) ತಿನ್ನಿಸಿ ನೋಡಿದ್ದರು, ಜೊತೆಗೆ ಟ್ಯೂನಾ ಮೀನು ತಿಂದವು ಜಾಸ್ತಿ ದಿನ ಬದುಕಿದವು (ಪಾಪದ ಹಕ್ಕಿಗಳು!). ಮನುಷ್ಯರ ವಿಷಯ ಅಷ್ಟು ಸಲೀಸಲ್ಲ. ಬೂತಾಯಿ, ಬಂಗುಡೆಯಲ್ಲಿ ಪಾದರಸವೇ ಕಡಿಮೆ, ಶಾರ್ಕ್‌ನಂಥ ದೊಡ್ಡ ಮೀನಲ್ಲಿ ಜಾಸ್ತಿ. ಹಾಗಂತ ಸುಮ್ನೆ ಸೆಲೆನಿಯಂ ಮಾತ್ರೆ ನುಂಗಬೇಡಿ, ಹೆಚ್ಚಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ. ಇಷ್ಟು ಹೇಳುವಷ್ಟರಲ್ಲಿ ತಮ್ಮ ನಾಲ್ಕನೇ ಬೂತಾಯಿಗೆ ಕೈ ಹಾಕಿದ್ದ.