ಹೇಳಿದ್ದೆ, ಅವರಿಗೆ ಕೇಳಿಸಿರಲಿಲ್ಲ

ಆ ಶನಿವಾರ ವಾಟ್ಸನ್‌ವಿಲ್ ಮೇಲಿನ ಮೋಡ ಸರಿಯುವಾಗ ಹನ್ನೊಂದು ದಾಟಿತ್ತು. ಕ್ಯಾಲಿಫೋರ್ನಿಯಾದಲ್ಲಿ, ಮಾಂಟೆರೆ ಕೊಲ್ಲಿಯ ಪಕ್ಕದ ಊರು ಅದು. ಬೇಸಿಗೆಯ ಬೆಳಗ್ಗೆ ಸಮುದ್ರದ ಮೋಡ ಬಂದು ಸ್ಟ್ರಾಬೆರಿ ಹೊಲಗಳ ಮೇಲೆ ಕೂತುಬಿಡುತ್ತದೆ. ಕರಗುವವರೆಗೂ ಎಲ್ಲರೂ ಕಾಯುತ್ತಾರೆ. ಕರಗಿದ ಕೂಡಲೇ ಎಲ್ಲರೂ ಒಟ್ಟಿಗೆ ಬರುತ್ತಾರೆ. ನಾವೂ ಹಾಗೇ ಸ್ಯಾನ್ ಹೋಸೆ ಕಡೆಯಿಂದ ಬೆಟ್ಟ ದಾಟಿ ಬಂದಿದ್ದೆವು. ಒಂದೇ ಎಂಜಿನ್ನಿನ ಸಣ್ಣ ವಿಮಾನ, ಸೆಸ್ನಾ 172. ಎಡ ಸೀಟಿನಲ್ಲಿ ನಾನು, ಬಲ ಸೀಟಿನಲ್ಲಿ ನನ್ನ ಇನ್‌ಸ್ಟ್ರಕ್ಟರ್.

ಚಿಕ್ಕವನಿದ್ದಾಗ ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಿನ ಬೇಲಿ ಹೊರಗೆ ನಿಂತು ಸಣ್ಣ ವಿಮಾನಗಳನ್ನು ನೋಡುತ್ತಿದ್ದೆ. ಯಾರೋ ಒಬ್ಬರು ಕೆಳಗೆ ಕೂತು ಎಲ್ಲ ವಿಮಾನಕ್ಕೂ ದಾರಿ ಹೇಳುತ್ತಿರುತ್ತಾರೆ ಅಂತಲೇ ಆಗ ಅಂದುಕೊಂಡಿದ್ದೆ. ವಾಟ್ಸನ್‌ವಿಲ್‌ನಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಟವರ್ರೇ ಇಲ್ಲ. ಅಮೆರಿಕದಲ್ಲಿ ಸಾರ್ವಜನಿಕ ಬಳಕೆಗೆ ಇರುವ ಸುಮಾರು 5,000 ಏರ್‌ಪೋರ್ಟ್‌ಗಳಲ್ಲಿ ಟವರ್ ಇರುವುದು ಹೆಚ್ಚುಕಡಿಮೆ 500ರಲ್ಲಿ ಮಾತ್ರ. ಮಿಕ್ಕ ಕಡೆ ಎಲ್ಲಿದ್ದೇನೆ, ಏನು ಮಾಡುತ್ತೇನೆ ಅಂತ ಪೈಲಟ್‌ಗಳೇ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

ಇಲ್ಲಿಯ ಫ್ರೀಕ್ವೆನ್ಸಿ 122.8. ಇನ್ನೂ ಎಷ್ಟೋ ಏರ್‌ಪೋರ್ಟ್‌ಗಳದ್ದೂ ಅದೇ. ಅದಕ್ಕೇ ಪ್ರತಿ ಮಾತಿನ ಮೊದಲಲ್ಲೂ ಕೊನೆಯಲ್ಲೂ ಊರಿನ ಹೆಸರು ಹೇಳುತ್ತೇವೆ: 'ವಾಟ್ಸನ್‌ವಿಲ್ ಟ್ರಾಫಿಕ್, ಸೆಸ್ನಾ, ಲೆಫ್ಟ್ ಡೌನ್‌ವಿಂಡ್, ರನ್‌ವೇ ಟೂ ಝೀರೋ, ವಾಟ್ಸನ್‌ವಿಲ್.' ರನ್‌ವೇ ಪಕ್ಕದಲ್ಲೇ ಇಳಿಯುವ ದಿಕ್ಕಿಗೆ ಉಲ್ಟಾ ಹೋಗುವುದು ಡೌನ್‌ವಿಂಡ್. ಅಲ್ಲಿಂದ ಎಡಕ್ಕೆ ತಿರುಗಿದರೆ ಬೇಸ್. ಇನ್ನೊಮ್ಮೆ ಎಡಕ್ಕೆ ತಿರುಗಿದರೆ ರನ್‌ವೇ ನೇರ ಎದುರಿಗೆ ಬರುತ್ತದೆ, ಅದು ಫೈನಲ್.

ಹೀಗೆ ಸುತ್ತು ಹಾಕಿ ಇಳಿಯುವ ಅಭ್ಯಾಸದಲ್ಲಿ ಅದು ಮೂರನೇ ಸುತ್ತು. ಡೌನ್‌ವಿಂಡ್‌ನ ಮಧ್ಯದಲ್ಲಿದ್ದೆ. ಒಬ್ಬರು ರೇಡಿಯೋದಲ್ಲಿ ಬಂದರು. ಎರಡು ಎಂಜಿನ್ನಿನ ವಿಮಾನ, ಐದು ಮೈಲಿ ದೂರ, ಸುತ್ತು ಹಾಕದೆ ನೇರವಾಗಿ ರನ್‌ವೇ 20ಕ್ಕೆ. ಹಾಗೆ ನೇರ ಬರುವುದಕ್ಕೆ ನಿಯಮದ ಅಡ್ಡಿಯಿಲ್ಲ. ಐದು ಮೈಲಿ ಅಂದರೆ ಬೇಕಾದಷ್ಟು ಟೈಮ್ ಇದೆ ಅಂದುಕೊಂಡೆ. ತಪ್ಪಿದ್ದು ಅಲ್ಲೇ. ಆ ದೂರವನ್ನು ನನ್ನ ವೇಗದಲ್ಲಿ ಅಳೆದಿದ್ದೆ. ನನ್ನದು 90 ನಾಟ್, ನಿಮಿಷಕ್ಕೆ ಒಂದೂವರೆ ನಾಟಿಕಲ್ ಮೈಲಿ. ಅವರು 180ರಲ್ಲಿ ಬರುತ್ತಿದ್ದರೆ ನಿಮಿಷಕ್ಕೆ ಮೂರು. ನಾನು ಡೌನ್‌ವಿಂಡ್ ಮುಗಿಸಿ ತಿರುಗುವಷ್ಟರಲ್ಲಿ ಆ ಐದರಲ್ಲಿ ಎರಡೇ ಉಳಿದಿರುತ್ತದೆ.

ಬೇಸ್‌ಗೆ ತಿರುಗಿದೆ. ರೇಡಿಯೋ ಬಟನ್ ಒತ್ತಿ ಬೇಸ್ ಅಂತ ಹೇಳಿದೆ. ಬಿಟ್ಟ ತಕ್ಷಣ ಕಿವಿಯಲ್ಲಿ ಬೇರೆ ಯಾರದೋ ಮಾತಿನ ಬಾಲ ಕೇಳಿಸಿತು, ಯಾವುದೋ ದೂರದ ಏರ್‌ಪೋರ್ಟಿನ ಹೆಸರು. ಅದಕ್ಕೆ ನಾನು ಗಮನ ಕೊಡಲಿಲ್ಲ. ಕಣ್ಣು ಎಡಗಡೆ ರನ್‌ವೇ ಮೇಲಿತ್ತು. ಎತ್ತರ ಸರಿ ಇದೆಯಾ, ವೇಗ ಸರಿ ಇದೆಯಾ, ಅಷ್ಟೇ ತಲೆಯಲ್ಲಿ.

"ಮೈ ಕಂಟ್ರೋಲ್ಸ್," ಅಂದರು ಇನ್‌ಸ್ಟ್ರಕ್ಟರ್. ಸ್ವರ ಏರಲಿಲ್ಲ. ನಾನು ಕೈ ಬಿಟ್ಟೆ. ವಿಮಾನ ಬಲಕ್ಕೆ ವಾಲಿತು, ಎಂಜಿನ್ ಪೂರ್ತಿ ಜೋರಾಯಿತು. ಅವರ ಕಿಟಕಿಯಲ್ಲಿ ಆಗ ನೋಡಿದೆ. ಬೆಟ್ಟದ ಕಂದು ಬಣ್ಣದ ಮುಂದೆ ಒಂದು ಬಿಳಿ ಚುಕ್ಕೆ. ಚುಕ್ಕೆ ಅಂದುಕೊಳ್ಳುವಷ್ಟರಲ್ಲಿ ಅದಕ್ಕೆ ರೆಕ್ಕೆ ಬಂತು, ಎರಡು ಎಂಜಿನ್ ಬಂತು. ನಾವು ತಿರುಗಿ ಮುಗಿಸಿದಾಗ ನಮ್ಮದೇ ಎತ್ತರದಲ್ಲಿ ಎಡಗಡೆಯಿಂದ ದಾಟಿ ಹೋಯಿತು. ಬಾಲದ ಮೇಲಿನ ನೀಲಿ ಪಟ್ಟಿ ಕಾಣುವಷ್ಟು ಹತ್ತಿರ.

"ಅದು ಗಾಜಿನ ಮೇಲೆ ಅಲ್ಲಾಡುತ್ತಿರಲಿಲ್ಲ," ಅಂದರು ಇನ್‌ಸ್ಟ್ರಕ್ಟರ್ ಆಮೇಲೆ. ಪಕ್ಕಕ್ಕೆ ಸರಿಯುತ್ತಿರುವ ವಿಮಾನ ನಿಮಗೆ ತಾಗುವುದಿಲ್ಲ. ನಿಂತ ಕಡೆಯೇ ನಿಂತು ದೊಡ್ಡದಾಗುತ್ತಾ ಹೋಗುವುದೇ ತಾಗುವುದು. ಕಷ್ಟ ಏನೆಂದರೆ ನಮ್ಮ ಕಣ್ಣು ಹಿಡಿಯುವುದು ಚಲನೆಯನ್ನು. ಅಲ್ಲಾಡದೆ ಇರುವುದು ಕೊನೆಯ ಕೆಲವು ಸೆಕೆಂಡಿನವರೆಗೂ ಗಾಜಿನ ಮೇಲಿನ ಕೊಳೆಯ ಹಾಗೇ ಇರುತ್ತದೆ. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಇಳಿದ ಮೇಲೆ ಪೆಟ್ರೋಲ್ ಹಾಕುವ ಜಾಗದಲ್ಲಿ ಆ ವಿಮಾನ ನಿಂತಿತ್ತು. ಪೈಲಟ್ ವಯಸ್ಸಾದವರು. ಅವರೇ ನಡೆದುಕೊಂಡು ಬಂದರು. ನೀವಿನ್ನೂ ಡೌನ್‌ವಿಂಡ್‌ನಲ್ಲೇ ಇದ್ದೀರಿ ಅಂದುಕೊಂಡಿದ್ದೆ, ಬೇಸ್ ಅಂತ ಯಾರೂ ಹೇಳಿದ್ದು ಕೇಳಿಸಲಿಲ್ಲ ಅಂದರು. ನಾನು ಹೇಳಿದ್ದೆ. ಆದರೆ ಅದೇ ಹೊತ್ತಿಗೆ ಇನ್ಯಾರೋ ಬಟನ್ ಒತ್ತಿದ್ದರು. ಇಬ್ಬರು ಒಟ್ಟಿಗೆ ಮಾತಾಡಿದರೆ ಕೇಳುವವರಿಗೆ ಬರುವುದು ಬರೀ ಕಿರ್ರ್ ಅನ್ನುವ ಸದ್ದು. ಹೇಳಿದವನಿಗೆ ಮಾತ್ರ ತಾನು ಹೇಳಿದೆ ಅನ್ನುವ ಸಮಾಧಾನ.

ಅವರ ಮುಖ ಬಿಳಿಚಿತ್ತು. ಬಹುಶಃ ನನ್ನದೂ. ಮೂವರೂ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆವು. ಯಾಕೆ ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. 2022ರ ಆಗಸ್ಟ್ 18ರಂದು ಇದೇ ರನ್‌ವೇ 20ರ ಮುಂದೆ ಒಂದು ಸೆಸ್ನಾ 152 ಮತ್ತು ಎರಡು ಎಂಜಿನ್ನಿನ ಸೆಸ್ನಾ 340 ಡಿಕ್ಕಿಯಾಗಿದ್ದವು. ಚಿಕ್ಕದು ಸುತ್ತು ಹಾಕುತ್ತಿತ್ತು, ದೊಡ್ಡದು ನೇರವಾಗಿ ಬರುತ್ತಿತ್ತು, ಸುಮಾರು 180 ನಾಟ್ ವೇಗದಲ್ಲಿ. ಚಿಕ್ಕದರಲ್ಲಿ ಒಬ್ಬರು, ದೊಡ್ಡದರಲ್ಲಿ ಇಬ್ಬರು. ಮೂವರೂ ಉಳಿಯಲಿಲ್ಲ. ಇಬ್ಬರು ಪೈಲಟ್‌ಗಳೂ ಅದೇ 122.8ರಲ್ಲಿ ಮಾತಾಡುತ್ತಲೇ ಇದ್ದರು. ನನ್ನನ್ನು ಇವತ್ತಿಗೂ ಹಿಡಿದು ನಿಲ್ಲಿಸುವುದು ಅದೇ. ಮಾತು ನಿಂತಿರಲಿಲ್ಲ. ದೊಡ್ಡ ವಿಮಾನದ ಪೈಲಟ್ ಚಿಕ್ಕದನ್ನು ನೋಡಿ ತಪ್ಪಿಸಿಕೊಳ್ಳಲಿಲ್ಲ ಅಂತ ತನಿಖೆ ಹೇಳಿತು.

ಮನೆಗೆ ಹೋಗೋಣ ಅಂದೆ. ಇನ್‌ಸ್ಟ್ರಕ್ಟರ್ ಒಪ್ಪಲಿಲ್ಲ. "ಇನ್ನೊಂದು ಸುತ್ತು ಹಾಕಿ ಹೋಗೋಣ," ಅಂದರು.

ಮತ್ತೆ ಡೌನ್‌ವಿಂಡ್. ಮತ್ತೆ ಒಬ್ಬರು ನೇರ ಬರುತ್ತಿದ್ದರು, ನಾಲ್ಕು ಮೈಲಿ. ನಾನು ಅವರ ವೇಗ ಕೇಳಿದೆ. ಮೊದಲೆಲ್ಲ ಹಾಗೆ ಕೇಳಲು ಸಂಕೋಚ, ಹೊಸಬ ಅಂತ ಗೊತ್ತಾಗುತ್ತದೆ ಅಂತ. 120 ಅಂದರು. ಡೌನ್‌ವಿಂಡ್ ಉದ್ದ ಮಾಡುತ್ತೇನೆ, ನೀವು ಮುಂದೆ ಹೋಗಿ ಅಂದೆ. ಬೆಟ್ಟದ ಕಡೆಗೆ ಹೋಗುತ್ತಲೇ ಇದ್ದೆ. ಎಡಗಡೆ ಅವರು ಬಂದು ದಾಟುವವರೆಗೂ ತಿರುಗಲಿಲ್ಲ. ಅವರು ಹೋದ ಮೇಲೆ ಬೇಸ್ ಅಂತ ಹೇಳಿದೆ. ಯಾರೋ ಅಡ್ಡ ಬಂದ ಹಾಗಾಯಿತು. ಇನ್ನೊಮ್ಮೆ ಹೇಳಿದೆ.

ಫೈನಲ್‌ಗೆ ತಿರುಗುವ ಮುಂಚೆ ಬಲಗಡೆ ನೋಡಲು ಕತ್ತು ಚಾಚಿದೆ. ಇನ್‌ಸ್ಟ್ರಕ್ಟರ್ ಏನೂ ಹೇಳಲಿಲ್ಲ. ಸೀಟಿಗೆ ಬೆನ್ನು ಒತ್ತಿ ಹಿಂದಕ್ಕೆ ಒರಗಿ ಕೂತರು, ಅವರ ಕಡೆಯ ಕಿಟಕಿ ನನಗೆ ಪೂರ್ತಿ ಕಾಣುವ ಹಾಗೆ.