ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಸೈಕಲ್ ಹುಡುಕಿದ್ದು

ಮೋಟರ್ ಮೊದಲು ಬಂತು, ಸೈಕಲ್ ಆಮೇಲೆ. ತಪ್ಪು ಆಗಿದ್ದೇ ಅಲ್ಲಿ. ರಿಯಾಯಿತಿ ಸಿಕ್ಕಿತು ಅಂತ ಸೈಕಲ್ಲನ್ನು ಬ್ಯಾಟರಿಯಲ್ಲಿ ಓಡಿಸುವ 36 ವೋಲ್ಟಿನ, 250 ವ್ಯಾಟಿನ ಹಬ್ ಮೋಟರ್ (ಚಕ್ರದ ನಡುವೆಯೇ ಕೂರುವ ಮೋಟರ್) ಕಿಟ್ ತರಿಸಿಬಿಟ್ಟಿದ್ದೆ. 26 ಇಂಚಿನ ರಿಮ್ಮಿಗೆ ಕಡ್ಡಿ ಕಟ್ಟಿ, ಮುಂದಿನ ಚಕ್ರವಾಗಿಯೇ ಬಂದಿತ್ತು. ಎರಡು ತಿಂಗಳು ಮಂಚದ ಕೆಳಗೆ ಮಲಗಿತ್ತು. ಕಸ ಗುಡಿಸುವಾಗಲೆಲ್ಲ ನನ್ನಾಕೆ ಪೊರಕೆಯಿಂದ ಅದಕ್ಕೊಂದು ತಟ್ಟಿ, "ಇದಕ್ಕೆ ಹೆಣ್ಣು ಸಿಗ್ತಾ?" ಅಂತ ಕೇಳುತ್ತಿದ್ದಳು.

ನಾನು ಬಳ್ಳಾರಿಯಲ್ಲಿ ಒಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಕಂಟೋನ್ಮೆಂಟ್ ಕಡೆ, ಕೆಲಸ ಮುಂಡರಗಿ ಕಡೆ. ಹೋಗಿ ಬರೋದು ಸುಮಾರು 15 ಕಿಲೋಮೀಟರ್. ಚಳಿಗಾಲದಲ್ಲಿ ತುಳಿಯಬಹುದು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಮೇಲೆ ತುಳಿದರೆ ಆಫೀಸಿಗೆ ತಲುಪುವುದು ನಾನಲ್ಲ, ನನ್ನ ಬೆವರು. ಪೆಟ್ರೋಲ್ ಎಂಜಿನ್ ಕಿಟ್ ಹಾಕಿಸು, ಎಳೆತ ಜಾಸ್ತಿ ಅಂತ ಗೆಳೆಯನೊಬ್ಬ ಹೇಳಿದ. ಆದರೆ ಸೈಕಲ್ಲಿಗೆ 25 ಸಿಸಿ ಮೀರಿದ ಎಂಜಿನ್ ಕೂರಿಸಿದ ಕೂಡಲೇ ಅದು ಕಾನೂನಿನ ಲೆಕ್ಕದಲ್ಲಿ ಮೋಟರ್ ವಾಹನ. ನೋಂದಣಿ ಬೇಕು, ಅದು ಆಗುವ ಮಾತಲ್ಲ. ಬ್ಯಾಟರಿಯದ್ದಾದರೆ 250 ವ್ಯಾಟ್, 25 ಕಿಲೋಮೀಟರ್ ವೇಗದ ಗಡಿಯೊಳಗೆ ಇದ್ದುಕೊಂಡರೆ ಲೈಸೆನ್ಸಿನ ರಗಳೆ ಇಲ್ಲ. ಮೋತಿ ಸರ್ಕಲ್‌ನಲ್ಲಿ ಪೊಲೀಸರ ಮುಂದೆ ನಗುತ್ತಾ ಹೋಗಬಹುದು.

ನನಗೆ ಬೇಕಾಗಿದ್ದು ಕ್ರೂಸರ್. ಅಗಲದ ಹ್ಯಾಂಡಲ್, ದಪ್ಪ ಟೈರು, ಸೋಫಾದಂಥ ಸೀಟು, ಬೆನ್ನು ನೆಟ್ಟಗೆ ಇಟ್ಟು ಸಾಹುಕಾರನ ಥರ ಕೂತು ಹೋಗೋದು. ಈ ಜಾತಿಯ ಸೈಕಲ್ ಶುರುವಾದ ಕಥೆಯೂ ಮಜವಾಗಿದೆ. 1933ರಲ್ಲಿ ಅಮೆರಿಕದ ಶಿಕಾಗೋದ ಶ್ವಿನ್ ಕಂಪನಿ ಬಲೂನಿನಂಥ ದಪ್ಪ ಟೈರ್ ಹಾಕಿ ಒಂದು ಸೈಕಲ್ ಮಾರುಕಟ್ಟೆಗೆ ಬಿಟ್ಟಿತು. ಅದಕ್ಕಿಟ್ಟ ಹೆಸರು ಮೋಟರ್‌ಬೈಕ್! ಮೋಟರೂ ಇಲ್ಲ, ಏನೂ ಇಲ್ಲ, ಸುಮ್ನೆ ಹೆಸರು. ತೊಂಬತ್ತು ವರ್ಷದ ಮೇಲೆ ಆ ಹೆಸರನ್ನು ನಿಜ ಮಾಡುವವನು ನಾನೇ ಅಂತ ಒಳಗೊಳಗೇ ಉಬ್ಬಿದ್ದೆ.

ದುಡ್ಡು ಉಳಿಸೋಣ ಅಂತ ಮೊದಲು ಕಣ್ಣು ಹಾಕಿದ್ದು ಅಪ್ಪನ ಕರಿ ಸೈಕಲ್ ಮೇಲೆ. ಗಟ್ಟಿ ಅಂದರೆ ಗಟ್ಟಿ. ಎರಡು ಚೀಲ ಜೋಳ ಹೊತ್ತ ಸೈಕಲ್ ಅದು. ಆದರೆ ಅದರ ಚಕ್ರ 28 ಇಂಚಿನದು, ಬ್ರೇಕು ಸರಳಿನದು. ಸರಳಿನ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಗೆ ತಾಗಬೇಕು. 26ರ ಚಕ್ರ ಹಾಕಿದರೆ ಅದಕ್ಕೆ ರಿಮ್ಮೇ ಸಿಗಲ್ಲ. "ಬ್ಯಾಡ ಬಿಡು, ಅದು ನನ್ನಂಗ, ಇನ್ನು ರಿಪೇರಿ ಆಗಂಗಿಲ್ಲ" ಅಂದರು ಅಪ್ಪ. ಅವರಿಗೆ ಬೇಜಾರಾಯಿತೋ ನಿರಾಳವಾಯಿತೋ ತಿಳಿಯಲಿಲ್ಲ.

ಕೌಲ್ ಬಜಾರ್‌ನಲ್ಲಿ ನಾನು ಚಿಕ್ಕಂದಿನಿಂದ ಪಂಕ್ಚರ್ ಹಾಕಿಸುವ ಚಾಚಾ ಇದ್ದಾರೆ. ಅವರ ಮುಂದೆ ಮೋಟರ್ ಚಕ್ರ ಇಟ್ಟೆ. ತಿರುವಿ ತಿರುವಿ ನೋಡಿದರು. ಅಚ್ಚಿನ ಎರಡು ಮಗ್ಗುಲು ಚಪ್ಪಟೆ ಇರುವುದನ್ನು ಬೆರಳಿನಿಂದ ಸವರಿ, "ಇದು ಮಾಮೂಲಿ ಅಚ್ಚಲ್ಲ ತಮ್ಮಾ. ಚಕ್ರ ಮುಂದಕ್ಕೆ ತಿರುಗಿದ್ರೆ ಅಚ್ಚು ಹಿಂದಕ್ಕೆ ತಿರುಗಾಕ ನೋಡ್ತೈತಿ. ಚಕ್ರ ಹಿಡಿಯೋ ಫೋರ್ಕು ಮೆತ್ತಗಿದ್ರೆ ಅಚ್ಚು ಕೂರೋ ಸೀಳೇ ಒಡೆದು ಹೋಗ್ತೈತಿ" ಅಂದರು. ಕೆಟ್ಟ ಸ್ಪೀಕರಿನಿಂದ ತೆಗೆದ ಅಯಸ್ಕಾಂತವೊಂದನ್ನು ಡಬ್ಬಿಯಿಂದ ಹುಡುಕಿ ಕೊಟ್ಟರು. "ಇದು ಎಲ್ಲಿ ಅಂಟ್ತೈತೋ ಆ ಸೈಕಲ್ ತಗೊಂಬಾ. ಬಣ್ಣ ನೋಡಿ ತರಬ್ಯಾಡ."

ಆ ಭಾನುವಾರ ಬೆಳಿಗ್ಗೆ ಒಗ್ಗರಣಿ, ಮಿರ್ಚಿ ತಿಂದು, ಜೇಬಲ್ಲಿ ಅಯಸ್ಕಾಂತ, ಟೇಪು ಇಟ್ಟುಕೊಂಡು ಹೊರಟೆ. ದೊಡ್ಡ ಅಂಗಡಿಯೊಂದರಲ್ಲಿ ತಿಳಿನೀಲಿ ಕ್ರೂಸರ್ ನಿಂತಿತ್ತು. 17 ಸಾವಿರ. ನೋಡಿದ ಕೂಡಲೇ ನನ್ನದು ಅನಿಸಿಬಿಟ್ಟಿತು. ಮುಂದೆ ಸಸ್ಪೆನ್ಷನ್ ಬೇರೆ. ಅಯಸ್ಕಾಂತ ತೆಗೆದು ಫೋರ್ಕಿನ ಮೇಲ್ಭಾಗಕ್ಕೆ ಹಿಡಿದೆ, ಟಕ್ ಅಂತ ಅಂಟಿತು. "ನೋಡಿ ಸರ್, ಪಕ್ಕಾ ಸ್ಟೀಲು" ಅಂದ ಹುಡುಗ. ಆದರೆ ಅಚ್ಚು ಕೂರೋದು ಕೆಳಗೆ ಅಲ್ವಾ? ಕೆಳಗೆ ಹಿಡಿದೆ. ಕೈ ಬಿಟ್ಟ ಕೂಡಲೇ ಅಯಸ್ಕಾಂತ ನೆಲಕ್ಕೆ ಬಿತ್ತು. ಒಳಗಿನ ಕೊಳವೆ ಮಾತ್ರ ಸ್ಟೀಲು, ಕೆಳಗಿನ ಕಾಲುಗಳು ಅಲ್ಯೂಮಿನಿಯಂ ಥರದ ಎರಕ. ಮೋಟರಿನ ತಿರುಚು ಬೀಳುವ ಜಾಗದಲ್ಲೇ ಎರಕ ಇದ್ದರೆ ಬಿರುಕು ಬಿಡುವ ಭಯ. ಬಿರುಕು ಬಿಟ್ಟರೆ ಮುಂದಿನ ಚಕ್ರ ಕಳಚಿ ನನ್ನ ಮೂತಿ ರೋಡಿಗೆ. ಹುಡುಗ ನನ್ನನ್ನು ಹುಚ್ಚನ ಹಾಗೆ ನೋಡುತ್ತಿದ್ದ. ಬಾಗಿಲು ದಾಟುವಾಗ ತಿಳಿನೀಲಿಯನ್ನು ಇನ್ನೊಂದು ಸಲ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಗಾಂಧಿನಗರದ ಒಂದು ಮನೆಗೆ ಹೋದೆ. ಮಗ ಓದಲಿಕ್ಕೆ ಬೆಂಗಳೂರಿಗೆ ಹೋದ ಮೇಲೆ ಅವನ ಕ್ರೂಸರ್ ನಾಲ್ಕು ವರ್ಷ ಮಹಡಿ ಮೆಟ್ಟಿಲ ಕೆಳಗೆ ನಿಂತಿತ್ತಂತೆ. ಮಾಸಿದ ಮೆರೂನ್ ಬಣ್ಣ, ಎರಡೂ ಟೈರು ಒಣಗಿ ಸೀಳು ಬಿಟ್ಟಿದ್ದವು. ಆದರೆ ಫೋರ್ಕಿಗೆ ಅಯಸ್ಕಾಂತ ತುದಿಯವರೆಗೂ ಅಂಟಿತು. ಟೇಪು ಹಿಡಿದೆ: ಫೋರ್ಕಿನ ಎರಡು ಕಾಲುಗಳ ನಡುವೆ 100 ಮಿಲಿಮೀಟರ್, ನನ್ನ ಮೋಟರಿಗೆ ಬೇಕಾಗಿದ್ದೂ ಅಷ್ಟೇ. ಮುಂದೆ ರಿಮ್ಮನ್ನು ಎರಡೂ ಮಗ್ಗುಲಿಂದ ಹಿಡಿಯುವ ವಿ ಬ್ರೇಕು. ಹಿಂದೆ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಮೋಟರ್ ಮುಂದಿನ ಚಕ್ರದಲ್ಲಿ ಇರುವುದರಿಂದ ಅದನ್ನು ಮುಟ್ಟುವ ಕೆಲಸವೇ ಇಲ್ಲ. "ಐದು ಸಾವಿರ ಕೊಡಿ" ಅಂದರು ಆ ಮನೆಯ ಅಮ್ಮ. "ಟೈರು ಹೋಗ್ಯಾವಲ್ಲಮ್ಮಾ" ಅಂದೆ. ಕಡೆಗೆ 3,200ಕ್ಕೆ ಇಳಿದರು. ಇಳಿದ ಮೇಲೆ ಒಳಗೆ ಹೋಗಿ ಮಗನಿಗೆ ಫೋನ್ ಮಾಡಿ, "ನಿನ್ನ ಸೈಕಲ್ ಕೊಡ್ಲೇನೋ?" ಅಂತ ಕೇಳಿದರು. ಅವನು ಬೇಡ ಅಂದುಬಿಟ್ಟರೆ ಏನು ಗತಿ ಅಂತ ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ. ಅವನು ಅದನ್ನು ಮರೆತೇಬಿಟ್ಟಿದ್ದನಂತೆ.

ಜೋಡಿಸುವುದು ಚಾಚಾ ಅಂಗಡಿಯಲ್ಲೇ ಒಂದು ಪೂರ್ತಿ ದಿನ ಹಿಡಿಯಿತು. ಕಿಟ್ ಜೊತೆ ಬಂದ ವಾಷರ್ ಸಾಲದು ಅಂತ, ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಪಟ್ಟಿ ಕತ್ತರಿಸಿ, ಅಚ್ಚಿನ ಚಪ್ಪಟೆ ಮೈಗೆ ಸರಿಯಾಗಿ ಕೂರುವಂತೆ ಅರದಿಂದ ತಿಕ್ಕಿ, ಅದರ ಇನ್ನೊಂದು ತುದಿಯನ್ನು ಫೋರ್ಕಿಗೆ ಬಿಗಿದರು. ಅಚ್ಚು ತಿರುಗದಂತೆ ಹಿಡಿಯೋದು ಅದೇ. ಬ್ಯಾಟರಿ 36 ವೋಲ್ಟು, 10 ಆಂಪಿಯರ್ ಅವರ್, ಅಂದರೆ 360 ವ್ಯಾಟ್ ಅವರ್. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ಕರೆಂಟೂ ಬೇಡ. ಒಂದು ದಿನದ ಓಡಾಟಕ್ಕೆ ಅದರಲ್ಲಿ ಅರ್ಧ ಸಾಕಾಗುತ್ತದೆ, ನಡುವೆ ನಾನೂ ಸ್ವಲ್ಪ ತುಳಿಯುತ್ತೇನೆ. ಈ ಊರಿನ ಬಿಸಿಲಿಗೆ ಹೆದರಿ ಚಾರ್ಜು ರಾತ್ರಿಯೇ ಹಾಕುತ್ತೇನೆ. ಆಫೀಸಿನಲ್ಲಿ ಬ್ಯಾಟರಿ ಬಿಚ್ಚಿ ಮೇಜಿನ ಕೆಳಗೆ ಇಡುತ್ತೇನೆ.

ಹನ್ನೊಂದನೇ ದಿನ ಮುಂದಿನ ಚಕ್ರ ಪಂಕ್ಚರ್. ಮೋಟರ್ ಇರುವ ಚಕ್ರ, ವೈರು, ಪಟ್ಟಿ, ನಟ್ಟು ಎಲ್ಲ ಬಿಚ್ಚಬೇಕಲ್ಲ ಅಂತ ತಲೆ ಮೇಲೆ ಕೈ ಹೊತ್ತುಕೊಂಡು ತಳ್ಳುತ್ತಾ ಬಂದೆ. ಚಾಚಾ ಚಕ್ರ ಬಿಚ್ಚಲೇ ಇಲ್ಲ. ಟೈರಿನ ಒಂದು ಮಗ್ಗುಲು ಎಬ್ಬಿಸಿ, ಟ್ಯೂಬ್ ಅಷ್ಟೇ ಹೊರಗೆಳೆದು ಪ್ಯಾಚ್ ಹಾಕಿದರು. ಟೈರಿನಿಂದ ಬಳ್ಳಾರಿ ಜಾಲಿಯ ಮುಳ್ಳೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟು, "ಮೋಟರ್ ಸೈಕಲ್ ಅಂತ ಇದಕ್ಕೇನು ಗೊತ್ತು?" ಅಂದರು. ದುಡ್ಡು ಕೊಟ್ಟು ಹೊರಡುವಾಗ ಹಿಂದಿನಿಂದ ಕೂಗಿದರು, "ತಮ್ಮಾ, ನನ್ನ ಅಯಸ್ಕಾಂತ ಎಲ್ಲಿ?"